ನಾಲ್ಕನೇ ಪ್ರಶ್ನೆ

ಕಟ್ವೆ ಉಪ್ಪುಕೆರೆಯ ದಂಡೆಯ ಶಾಲೆಯಲ್ಲಿ
ನಾನು ರಸಾಯನ ಮೇಷ್ಟ್ರು, ಹೆಸರು ಕೂಲೆ.
ಮೇಜಿನ ಮೇಲೆ ನಲವತ್ತೆರಡು ಉತ್ತರಪತ್ರಿಕೆ,
ಸೋಲಾರ್ ದೀಪ, ಕೆಂಪು ಪೆನ್ನು,
ಹೊರಗೆ ಯಾರದೋ ಹಿತ್ತಲು ಮೇಯುತ್ತಿರುವ ನೀರಾನೆ.

ನಾಲ್ಕನೇ ಪ್ರಶ್ನೆ: ಬಂಧ ಒಡೆಯುವಾಗ ಶಕ್ತಿ
ಬಿಡುಗಡೆಯಾಗುತ್ತದೋ, ಖರ್ಚಾಗುತ್ತದೋ?
ಮೂವತ್ತೊಂದು ಮಕ್ಕಳು ಬಿಡುಗಡೆ ಎಂದಿದ್ದಾರೆ.
ಥೆಂಬೊ ಕಾರಣವನ್ನೂ ಕೊಟ್ಟಿದ್ದಾನೆ:
‘ಒಡೆದಾಗ ಸದ್ದಾಗುತ್ತದೆ ಸಾರ್, ಅದಕ್ಕೆ.’

ಅವನ ತಪ್ಪಲ್ಲ.
ಎದೆಮಟ್ಟ ನೀರಲ್ಲಿ ನಿಂತು, ಹಾರೆ ಹಾಕಿ,
ಕೆರೆಯ ತಳದಿಂದ ಕಲ್ಲುಪ್ಪು ಎಬ್ಬಿಸುವವನು ಅವನಪ್ಪ.
ಆ ಸದ್ದು ಕೇಳುತ್ತಲೇ ಹುಡುಗ ಬೆಳೆದ.

ಕರಿಹಲಗೆಯ ಮೇಲೆ ನಾನೇ ಬರೆದು ತೋರಿಸಿದ್ದೆ:
ಒಂದು ಸೋಡಿಯಂ ಸುತ್ತ ಆರು ಕ್ಲೋರಿನ್,
ಒಂದು ಕ್ಲೋರಿನ್ ಸುತ್ತ ಆರು ಸೋಡಿಯಂ,
ಯಾರು ಯಾರ ಜೋಡಿ ಎಂದು ಕೇಳಬೇಡಿ,
ಊರಿಗೆ ಊರೇ ನೆಂಟರು.
ಏಟು ಬಿದ್ದು ಒಂದು ಸಾಲು
ಒಂದೇ ಒಂದು ಹೆಜ್ಜೆ ಜರುಗಿದರೆ ಸಾಕು
ಋಣದೆದುರು ಋಣ, ಧನದೆದುರು ಧನ;
ಮುಖ ನೋಡಲಾರದೆ ಸೀಳುತ್ತದೆ ಹರಳು.
ಕಬ್ಬಿಣಕ್ಕೆ ಆ ಹಟವಿಲ್ಲ. ಅದರ ಎಲೆಕ್ಟ್ರಾನುಗಳು
ಯಾವ ಮನೆಯವೂ ಅಲ್ಲ, ಸಂತೆಯಲ್ಲಿ ಬಿಟ್ಟ ಮಕ್ಕಳು;
ಸಾಲು ಜರುಗಿದರೂ ಓಡಿ ಬಂದು ನಡುವೆ ನಿಲ್ಲುತ್ತವೆ.
ಅದಕ್ಕೇ ಹಾರೆ ಬಾಗುತ್ತದೆ, ಉಪ್ಪು ಒಡೆಯುತ್ತದೆ.

ಮೂರು ತಿಂಗಳ ಹಿಂದೆ, ಹನ್ನೊಂದನೇ ತಾರೀಖು,
ಅಕ್ಕ ಬೀರಾ ಗಂಡನ ಮನೆಯಿಂದ ಬಂದಳು.
ಕಾಸೆಸೆಯ ಲಾರಿಯಲ್ಲಿ ಒಂದು ಹಾಸಿಗೆ, ಒಂದು ಹೊಲಿಗೆ ಯಂತ್ರ.
ನೆರೆಯವರು ಅಂದರು: ಕಡಿದುಕೊಂಡಳಲ್ಲ, ಇನ್ನೇನು, ಹಗುರ.
ಅವಳು ಮೂರು ದಿನ ಮಲಗಿಯೇ ಇದ್ದಳು.
ಯಾವ ಬಂಧ ಒಡೆಯಲು ಎಷ್ಟು ಬೇಕೆಂಬ ಪಟ್ಟಿ
ಪುಸ್ತಕದ ಕೊನೆಯ ಹಾಳೆಯಲ್ಲಿದೆ, ಕಿಲೋಜೂಲುಗಳಲ್ಲಿ.
ಅವಳ ಕುತ್ತಿಗೆಯ ಕೆಳಗೆ ಎದ್ದು ಕಾಣುವ ಮೂಳೆ
ಆ ಪಟ್ಟಿಯಲ್ಲಿಲ್ಲ.

ನಾಲ್ಕನೇ ರಾತ್ರಿ ಮಳೆ.
ಐದು ವಾರ ಕಾದು ಅಮ್ಮ ಕೆನೆಗಟ್ಟಿಸಿದ್ದ ಪಾತಿ
ಬೆಳಗಾಗುವುದರೊಳಗೆ ಬರೀ ನೀರು.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಇಲ್ಲಿ ನೀರೇ ಉಪ್ಪು ತಿಂದು ಸುಮ್ಮನೆ ಮಲಗಿತ್ತು.

‘ಎಲ್ಲೂ ಹೋಗಿಲ್ಲಮ್ಮ’ ಅಂದೆ. ಮೇಷ್ಟ್ರಲ್ಲವೇ ನಾನು.
‘ಒಂದೊಂದು ಕಣದ ಸುತ್ತಲೂ ನೀರು ಮುತ್ತಿಕೊಂಡು
ಬೇರೆಬೇರೆ ಕೂರಿಸಿದೆ, ಅಷ್ಟೆ.’
ಕಬುಗೊ, ನನ್ನಮ್ಮ, ಮೊಣಕಾಲವರೆಗೆ ಇಳಿದು ನಿಂತಳು.
‘ತಣ್ಣಗಿದೆ ಕಣೋ.’
‘ಹೌದು, ಕರಗುವಾಗ ಅದು ನೀರಿನ ಬಿಸಿಯನ್ನು
ಚೂರು ತೆಗೆದುಕೊಳ್ಳುತ್ತದೆ.’
‘ನೀರಿನದಲ್ಲ, ನನ್ನ ಕಾಲಿನದು.’

ಬೀರಾ ಎದ್ದದ್ದು ಅವತ್ತು.
ಯಾರೂ ಕರೆದಿರಲಿಲ್ಲ. ಹಲಗೆ ಹಿಡಿದು ಬಂದು
ಕುಸಿದ ಬದುವಿಗೆ ಮಣ್ಣು ಮೆತ್ತಿದಳು.
ಆಮೇಲೆ ಬರೀ ಬಿಸಿಲು, ಬಿಸಿಲು, ಕಾಯುವುದು.
ನಮ್ಮ ಉಪ್ಪು ಪುಸ್ತಕದ ಉಪ್ಪಲ್ಲ:
ಸೋಡಾ ಇದೆ, ಗಂಧಕದ ಲವಣವಿದೆ, ಕೆಸರಿದೆ;
ಚಿತ್ರದಲ್ಲಿರುವ ಆ ಚೊಕ್ಕ ಘನಾಕೃತಿಯನ್ನು
ನಾನಿಲ್ಲಿ ಒಮ್ಮೆಯೂ ಕಂಡಿಲ್ಲ.
ನೀರು ಇನ್ನು ಹೊರಲಾರೆ ಎನ್ನುವಷ್ಟು ದಪ್ಪಗಾದ ದಿನ
ಅಮ್ಮ ಅಡುಗೆಮನೆಯಿಂದ ಹಳೆಯ ಉಪ್ಪು ಒಂದು ಚಿಟಿಕೆ ತಂದು
ಪಾತಿಗೆ ಎಸೆದಳು.
‘ಯಾರಾದರೊಬ್ಬರು ಮೊದಲು ಕೂರಬೇಕು,
ಆಮೇಲೆ ಮಿಕ್ಕವರು ಕೂರುತ್ತಾರೆ.’
ಇದನ್ನು ಕಲಿಯಲು ನಾನು
ಕಂಪಾಲಾದಲ್ಲಿ ಮೂರು ವರ್ಷ ಫೀಸು ಕಟ್ಟಿದ್ದೆ.

ಈಗ ಬೀರಾ ಹೊಸ್ತಿಲ ಮೇಲೆ ಕೂತು
ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿದ್ದಾಳೆ.
ಪ್ರಶ್ನೆಯನ್ನು ಜೋರಾಗಿ ಓದಿದೆ.
‘ಖರ್ಚು’ ಅಂದಳು, ತಲೆ ಎತ್ತಲೇ ಇಲ್ಲ.
‘ಮತ್ತೆ, ಕೂಡುವಾಗ?’
‘ಅದನ್ನು ನಿನ್ನ ಹಾಳೆಯಲ್ಲಿ ಕೇಳಿಲ್ಲವಲ್ಲ.’

ಥೆಂಬೊನಿಗೆ ಅರ್ಧ ಅಂಕ ಹಾಕಿದೆ.
ಸದ್ದಾಗುವುದಂತೂ ನಿಜ.